ಟೆಂಪ್ಲೇಟು ರಾಯರು

ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರು ಟೆಂಪ್ಲೇಟು ರಾಯರು ಇರುತ್ತಾರೆ. ಸಾಫ್ಟ್‌ವೇರಿನಲ್ಲಿ ತಲೆ ನರೆಸಿಕೊಂಡು ಈಗ ಸಂಘದ ಕಾರ್ಯದರ್ಶಿಯಾದವರು. ಪತ್ರ ಬರೆಯುವುದೆಂದರೆ ಅವರಿಗೆ ಬೇಸರ, ಪತ್ರ ಬರೆಯುವ ಕೋಡು ಬರೆಯುವುದೆಂದರೆ ಪಂಚಪ್ರಾಣ. “ಮೂರನೇ ಮಹಡಿಯಲ್ಲಿ ನೀರು ಸೋರ್ತಿದೆ, ಅವರಿಗೊಂದು ಚೀಟಿ ಬರೀರಿ ರಾಯರೇ” ಅಂದರೆ, “ಇವತ್ತು ಮೂರನೇದು, ನಾಳೆ ಐದನೇದು. ಎಲ್ಲದಕ್ಕೂ ಸೇರಿಸಿ ಒಂದೇ ಮಾಡಿಬಿಡೋಣ” ಅನ್ನುತ್ತಾರೆ. ಸೋರಿಕೆ ನಿಂತ ಮೇಲೆ ನೋಟೀಸು ಬರುತ್ತದೆ, ಎಲ್ಲ ಮನೆಗೂ.

ವರ್ಡ್ ಫೈಲಿನ ‘ಡಾಕ್ಸ್’ ಬಾಲ ಕಿತ್ತು ‘ಜಿಪ್’ ಅಂಟಿಸಿದರೆ ಅದು ಬಿಚ್ಚಿಕೊಂಡು ಒಳಗಿನ ಎಕ್ಸ್‌ಎಂಎಲ್ ಕಾಣಿಸುತ್ತದೆ ಎಂಬುದನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಾರೆ, ಹಾಲಿನವನಿಗೂ. ಅಲ್ಲಿ ಎರಡೆರಡು ಪುಷ್ಪಾವರಣಗಳ ನಡುವೆ ‘ಹೆಸರು’ ಅಂತಿಟ್ಟರೆ ಸಾಕು, ಪೈಥಾನು ಎಕ್ಸೆಲ್‌ನಿಂದ ಎತ್ತಿಕೊಡುತ್ತದೆ, ಜಿಂಜಾ ಎಂಬ ಟೆಂಪ್ಲೇಟು ಎಂಜಿನ್ನು ತುಂಬುತ್ತದೆ. ಕಾಗುಣಿತ ತಪ್ಪಿದರೂ ಜಿಂಜಾ ಜಗಳ ತೆಗೆಯುವುದಿಲ್ಲ, ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಒಂದು ಸಲ ಬಾಕಿ ನೋಟೀಸುಗಳೆಲ್ಲ ‘ಶ್ರೀ ಅವರಿಗೆ’ ಎಂದಷ್ಟೇ ಬಂದವು. ಶ್ರೀ ಯಾರೆಂದು ಯಾರೂ ಒಪ್ಪಲಿಲ್ಲ.

ಇಷ್ಟಾದರೆ ಸಹಿಸಬಹುದಿತ್ತು. ಹಿರಿಮಗಳ ಲಗ್ನಪತ್ರಿಕೆಗೂ ಕೋಡು ಬರೆದರು. ಮುಯ್ಯಿ ಪುಸ್ತಕವನ್ನು ಎಕ್ಸೆಲ್ಲಿಗೆ ಏರಿಸಿ ಒಂದು ‘ಇಫ್’ ಹಾಕಿದರು: ಸಾವಿರ ಮೀರಿ ಮುಯ್ಯಿ ಮಾಡಿದವರಿಗೆ ‘ಸಕುಟುಂಬ ಸಪರಿವಾರ ಸಮೇತರಾಗಿ’, ಉಳಿದವರಿಗೆ ಬರೀ ‘ತಾವು’. ಮುಯ್ಯಿಯ ಲೆಕ್ಕ ಎಲ್ಲರ ಮನೆಯಲ್ಲೂ ಇರುವುದೇ. ನಮ್ಮ ಅಜ್ಜಿಯಂದಿರು ಅದನ್ನು ತಲೆಯಲ್ಲಿಟ್ಟುಕೊಂಡಿದ್ದರು, ಪ್ರಿಂಟು ಹಾಕಿ ಹಂಚಿರಲಿಲ್ಲ.

ಮದುಮಗಳ ಸೋದರಮಾವ ಹಿಂದೆ ಕೊಟ್ಟದ್ದು ಜೋಡಿ ಬೆಳ್ಳಿ ದೀಪ. ಅಂಕಿಯ ಕಾಲಮಿನಲ್ಲಿ ಬೆಳ್ಳಿ ದೀಪ ಕೂರಲಿಲ್ಲ, ಕೋಡು ಅದನ್ನು ಸೊನ್ನೆ ಎಂದು ಓದಿಕೊಂಡಿತು. ಮುಹೂರ್ತದ ಹೊತ್ತಿಗೆ ಮಾವ ಒಬ್ಬರೇ ಬಂದರು.

“ಅತ್ತಿಗೆ ಎಲ್ಲಣ್ಣ?” ರಾಯರ ಹೆಂಡತಿ ಗಾಬರಿಯಾದರು.

“ಪತ್ರಿಕೇಲಿ ‘ತಾವು’ ಅಂತಿತ್ತಮ್ಮ. ಬಂದಿದ್ದೀನಿ.”

“ಕೋಡಿಂದೇನೂ ತಪ್ಪಿಲ್ಲ, ಡೇಟಾ ಸರಿಯಿಲ್ಲ” ಅಂದರು ರಾಯರು. ಹೆಂಡತಿ ನೋಡಿದ ನೋಟಕ್ಕೆ ಮುಂದಿನ ಮಾತು ಹೊರಡಲಿಲ್ಲ.

ಈಗ ಭಾವನಿಗೆ ಕ್ಷಮಾಪಣೆ ಪತ್ರದ ಟೆಂಪ್ಲೇಟು ತಯಾರಾಗುತ್ತಿದೆ. ಒಬ್ಬರಿಗಾಗಿ ಇಷ್ಟೆಲ್ಲ ಯಾಕೆ ರಾಯರೇ ಎಂದು ಕೇಳಿದೆ.

“ಕಿರಿಮಗಳಿದ್ದಾಳಲ್ಲ” ಅಂದರು.