ಸೊನ್ನೆಯ ಅದ್ವೈತ: ರೂಲೆಟ್ ಹಾಸಿಗೆ ಒಂದು ಲಘುಭಾಷ್ಯ

ಶಾಸ್ತ್ರಗಳಲ್ಲಿ ಎರಡು ಬಗೆ: ತಾಳೆಗರಿಯ ಮೇಲೆ ಬರೆದವು, ಹಸಿರು ಬಟ್ಟೆಯ ಮೇಲೆ ಬರೆದವು. ಮೊದಲನೆಯದನ್ನು ಓದಬಲ್ಲವರು ವಿರಳ. ಎರಡನೆಯದನ್ನು ಓದಲು ಬಾರದವರೂ ಅದರ ಮುಂದೆ ಬೆಳಗಿನ ಜಾವದವರೆಗೆ ಪಾರಾಯಣಕ್ಕೆ ಕೂರುತ್ತಾರೆ. ಅಂಥ ಮಂದಮತಿಗಳ ಉಪಕಾರಾರ್ಥವಾಗಿ ಈ ಭಾಷ್ಯ.

ಮೊದಲು ಮೂಲಪಾಠ. 1ರಿಂದ 36ರವರೆಗಿನ ಅಂಕಿಗಳನ್ನು ಮೂರು ಕಂಬಸಾಲು, ಹನ್ನೆರಡು ಅಡ್ಡಸಾಲುಗಳಲ್ಲಿ ಬರೆದು, ಎಲ್ಲದರ ನೆತ್ತಿಯ ಮೇಲೆ ಸೊನ್ನೆಯನ್ನು ಕೂರಿಸಿದೆ. ಹದಿನೆಂಟು ಕೆಂಪು, ಹದಿನೆಂಟು ಕಪ್ಪು, ಸೊನ್ನೆಯೊಂದು ಹಸಿರು. ಪಕ್ಕದಲ್ಲಿ ತಿರುಗುತ್ತ, ಗುಂಡು ಬಿದ್ದ ಮನೆಯಿಂದ ಗೆದ್ದ ಅಂಕಿಯನ್ನು ಸಾರುವ ಚಕ್ರದಲ್ಲಿ ಪಾಠಾಂತರವಿದೆ. ಹಾಸಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತ 1 ಮತ್ತು 2 ಚಕ್ರದಲ್ಲಿ ಹೆಚ್ಚುಕಡಿಮೆ ಎದುರುಬದುರು ದಿಕ್ಕಿಗಿವೆ. ಸೊನ್ನೆಯ ಒಂದು ಮಗ್ಗುಲಿಗೆ 32, ಇನ್ನೊಂದಕ್ಕೆ 26. ಇದನ್ನು ಲಿಪಿಕಾರನ ದೋಷವೆಂದು ತಿದ್ದಹೊರಟ ಸಂಪಾದಕನ ಜೇಬು ಬರಿದಾಗುತ್ತದೆ. 36 ಅಂಕಿಗಳನ್ನೂ ಕೂಡಿದರೆ 666, ಬೈಬಲ್ಲಿನ ಮೃಗದ ಸಂಖ್ಯೆ. ಫ್ರಾನ್ಸ್ವಾ ಬ್ಲಾಂಕ್ ಎಂಬ ಕ್ಯಾಸಿನೊ ಒಡೆಯ ಸೈತಾನನಿಗೆ ಆತ್ಮ ಮಾರಿ ಈ ವಿದ್ಯೆ ಪಡೆದನೆಂಬ ಐತಿಹ್ಯವನ್ನು ನಾವು ಒಪ್ಪುವುದಿಲ್ಲ. ಕೂಡುವುದು, ಕಳೆಯುವುದು ಬಲ್ಲವನಿಗೆ ಸೈತಾನನ ಹಂಗೇಕೆ?

ಇನ್ನು ಪಣವಿಧಿ. ಹಣದ ಬದಲು ಇಡುವ ಬಿಲ್ಲೆಯನ್ನು, ಅಂದರೆ ಚಿಪ್ಪನ್ನು, ಅಂಕಿಯ ನಡುಮಧ್ಯೆ ಇಟ್ಟರೆ ಗೆದ್ದವನಿಗೆ ಒಂದಕ್ಕೆ 35. ಎರಡು ಅಂಕಿಗಳ ನಡುವಿನ ಗೆರೆಯ ಮೇಲಿಟ್ಟರೆ 17. ನಾಲ್ಕು ಮನೆ ಕೂಡುವ ಮೂಲೆಯಲ್ಲಾದರೆ 8. ಅಡ್ಡಸಾಲಿನ ಅಂಚಿನಲ್ಲಿಟ್ಟರೆ ಮೂರು ಅಂಕಿಗಳ ಪಣ, 11 ಸಿಗುತ್ತದೆ. ಎರಡು ಸಾಲು ಸೇರುವ ಅಂಚಿನಲ್ಲಾದರೆ ಆರು ಅಂಕಿ, 5 ಮಾತ್ರ. ಕಂಬಸಾಲಿಗೂ ಹನ್ನೆರಡರ ಗುಂಪಿಗೂ ಎರಡೆರಡು. ಕೆಂಪು–ಕಪ್ಪು, ಸಮ–ಬೆಸ, ಕೆಳಗಿನ ಹದಿನೆಂಟು–ಮೇಲಿನ ಹದಿನೆಂಟು ಇವಕ್ಕೆ ಒಂದಕ್ಕೊಂದು. ಗುಂಡು ವೇಗ ಕಳೆದುಕೊಳ್ಳುವಾಗ ಮೇಜು ನಡೆಸುವ ಕ್ರೂಪಿಯೇ ‘ಇನ್ನು ಸಾಕು’ ಎಂದು ಫ್ರೆಂಚಿನಲ್ಲಿ ಉಚ್ಚರಿಸುತ್ತಾನೆ. ಅಲ್ಲಿಂದ ಮುಂದೆ ಚಿಪ್ಪು ಮುಟ್ಟುವಂತಿಲ್ಲ, ದೇವರನ್ನು ನೆನೆಯಲು ಅಡ್ಡಿಯಿಲ್ಲ. ಸೊನ್ನೆ ಸಮಸಂಖ್ಯೆಯೆಂದು ಗಣಿತಜ್ಞರು ಹೇಳುತ್ತಾರೆ. ಕ್ಯಾಸಿನೊ ಒಪ್ಪುವುದಿಲ್ಲ. ಅದರ ಮತದಲ್ಲಿ ಸೊನ್ನೆ ಸಮವಲ್ಲ, ಬೆಸವಲ್ಲ, ಕೆಂಪಲ್ಲ, ಕಪ್ಪಲ್ಲ. ಹೀಗೆ ಅಲ್ಲ ಅಲ್ಲ ಎನ್ನುತ್ತ ಉಳಿಯುವುದನ್ನು ನಮ್ಮವರು ನಿರ್ಗುಣವೆಂದು ಕರೆದಿದ್ದಾರೆ.

ಈಗ ಸಿದ್ಧಾಂತಕ್ಕೆ ಬರೋಣ. ಒಂದು ಅಂಕಿ ಹಿಡಿಯುವವ ತನ್ನನ್ನು ಸಾಹಸಿ ಎಂದುಕೊಳ್ಳುತ್ತಾನೆ, ಕೆಂಪು ಹಿಡಿಯುವವ ವಿವೇಕಿ ಎಂದುಕೊಳ್ಳುತ್ತಾನೆ. ಇದು ನಾಮರೂಪದ ಮಾಯೆ. ಮನೆಗಳು 37, ಹಣ ಕೊಡುವುದು 36 ಇದ್ದಂತೆ. ಎಲ್ಲಿಟ್ಟರೂ 37 ರೂಪಾಯಿಗೆ ಸರಾಸರಿ 36 ಹಿಂದಿರುಗುತ್ತದೆ, ಶೇಕಡ 2.70 ಸೊನ್ನೆಯಲ್ಲಿ ಲೀನವಾಗುತ್ತದೆ. ಏಕಸೊನ್ನೆಯ ಈ ಮತವನ್ನು 1843ರಲ್ಲಿ ಜರ್ಮನಿಯ ಹೊಂಬರ್ಗ್‌ನಲ್ಲಿ ಬ್ಲಾಂಕ್ ಸಹೋದರರು ಪ್ರತಿಷ್ಠಾಪಿಸಿದರು. ಮುಂದೆ ಫ್ರಾನ್ಸ್ವಾ ಅದನ್ನು ಮಾಂಟೆ ಕಾರ್ಲೊಗೆ ಒಯ್ದ.

ಅಮೆರಿಕದ್ದು ದ್ವೈತ (ಆಚಾರ್ಯರು ಕ್ಷಮಿಸಬೇಕು). ಅಲ್ಲಿ ಸೊನ್ನೆಯ ಪಕ್ಕದಲ್ಲಿ ಜೋಡಿಸೊನ್ನೆ; ಮನೆಗಳು 38, ಫಲ ಮಾತ್ರ ಹಿಂದಿನ 35. ಕ್ಯಾಸಿನೊ ಸ್ವತಂತ್ರ, ಆಟಗಾರ ಪರತಂತ್ರ, ನಷ್ಟ ಶೇ. 5.26. ತಾರತಮ್ಯವೂ ಉಂಟು: ಎರಡು ಸೊನ್ನೆ, 1, 2, 3 ಸೇರಿದ ಐದಂಕಿಯ ಪಣದಲ್ಲಿ ನಷ್ಟ ಶೇ. 7.89. ಫ್ರಾನ್ಸಿನ ಕೆಲವು ಮೇಜುಗಳದು ವಿಶಿಷ್ಟಾದ್ವೈತ. ಕೆಂಪು–ಕಪ್ಪಿನಂಥ ಪಣ ಕಟ್ಟಿದವನಿಗೆ ಸೊನ್ನೆ ಬಿದ್ದರೂ ಅರ್ಧ ಹಣ ಕೃಪೆಯಿಂದ ಮರಳುತ್ತದೆ, ನಷ್ಟ ಶೇ. 1.35. ಲಾಸ್ ವೇಗಸ್‌ನಲ್ಲಿ ಮೂರು ಸೊನ್ನೆಯ ಚಕ್ರಗಳೂ ಬಂದಿವೆ. ಅವಕ್ಕೆ ಭಾಷ್ಯ ಬರೆಯುವ ಧೈರ್ಯ ನಮಗಿಲ್ಲ.

ಪೂರ್ವಪಕ್ಷಿಗಳು ಸುಮ್ಮನಿರುವುದಿಲ್ಲ. ‘ಕಪ್ಪು ಇಷ್ಟು ಸಲ ಬಂತಲ್ಲ, ಇನ್ನು ಕೆಂಪು ಬರಲೇಬೇಕು’ ಎನ್ನುವುದು ಒಂದು ಪಂಥ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಕಪ್ಪು ಸತತ 26 ಸಲ ಬಿದ್ದು ಈ ಪಂಥದ ಅನುಯಾಯಿಗಳನ್ನು ದಿಗಂಬರರನ್ನಾಗಿಸಿತು. ಗುಂಡಿಗೆ ಪೂರ್ವಜನ್ಮಸ್ಮರಣೆಯಿಲ್ಲ. ಸೋತಾಗಲೆಲ್ಲ ಪಣ ದುಪ್ಪಟ್ಟು ಮಾಡುವ ಇನ್ನೊಂದು ಪಂಥವಿದೆ. ನೂರು ರೂಪಾಯಿಯಿಂದ ಹೊರಟು ಹತ್ತು ಸಲ ಸೋತ ಸಾಧಕ ಹನ್ನೊಂದನೆಯ ಸಲ 1,02,400 ರೂಪಾಯಿ ಇಡಬೇಕು. ಗೆದ್ದರೆ ಕೈಗೆ ಬರುವ ಲಾಭ ನೂರು. ಅಷ್ಟು ಇಡಲು ಮೇಜಿನ ಮಿತಿ ಬಹುತೇಕ ಬಿಡುವುದೂ ಇಲ್ಲ.

ಪಂಡಿತರ ಗತಿ ಇನ್ನೂ ಸ್ವಾರಸ್ಯಕರ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1894ರಲ್ಲಿ ಮಾಂಟೆ ಕಾರ್ಲೊ ಫಲಗಳೆಂದು ಪತ್ರಿಕೆಯಲ್ಲಿ ಅಚ್ಚಾದ ಅಂಕಿಗಳನ್ನು ಅಳೆದು ತೂಗಿ, ಇವು ಆಕಸ್ಮಿಕವಾಗಿರಲು ಸಾಧ್ಯವಿಲ್ಲವೆಂದು ತೀರ್ಪಿತ್ತರು. ಕ್ಯಾಸಿನೊ ಮುಚ್ಚಿ ಅದರ ಹಣದಲ್ಲಿ ಸಂಭವನೀಯತೆಯ ಪ್ರಯೋಗಾಲಯ ತೆರೆಯಿರಿ ಎಂದರು. ವರದಿಗಾರರು ಮೇಜಿನ ಬಳಿಗೇ ಹೋಗದೆ, ಕೂತಲ್ಲೇ ಅಂಕಿ ಹೊಸೆಯುತ್ತಿದ್ದರೆಂಬುದು ಆಮೇಲೆ ಹಬ್ಬಿದ ಮಾತು. ಸಂಶೋಧಕರು ಆಕರಗಳ ಬಗ್ಗೆ ಎಚ್ಚರವಹಿಸಬೇಕು. 1961ರಲ್ಲಿ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಗುಂಡಿನ ಗತಿ ಲೆಕ್ಕಹಾಕುವ ಪುಟ್ಟ ಕಂಪ್ಯೂಟರನ್ನು ಮೈಮೇಲೆ ಅಡಗಿಸಿ, ಬೂಟಿನೊಳಗೆ ಕಾಲ್ಬೆರಳಿನಿಂದ ಸ್ವಿಚ್ ಒತ್ತುತ್ತ ಲಾಸ್ ವೇಗಸ್‌ನಲ್ಲಿ ಪರೀಕ್ಷಿಸಿದರು. ಯಂತ್ರ ಫಲಿಸಿತು, ಅದರ ಸೂಚನೆ ಕೇಳಿಸುವ ಕಿವಿಯ ತಂತಿ ಮಾತ್ರ ತುಂಡಾಗುತ್ತಿತ್ತು. ನೆವಾಡ ರಾಜ್ಯ 1985ರಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಿತು. ಜ್ಞಾನಮಾರ್ಗ ಅಲ್ಲಿಗೆ ಬಂದ್. ಭಕ್ತಿಮಾರ್ಗಕ್ಕೆ ಇಪ್ಪತ್ನಾಲ್ಕು ಗಂಟೆ ಬಾಗಿಲು ತೆರೆದಿದೆ.

ಕೊನೆಗೆ ಅಧಿಕಾರಿ ನಿರ್ಣಯ, ಅಂದರೆ ಈ ವಿದ್ಯೆಗೆ ಯಾರು ಅರ್ಹರು ಎಂಬ ಪ್ರಶ್ನೆ. ಮಾಂಟೆ ಕಾರ್ಲೊ ಇರುವ ಮೊನಾಕೊದ ಪ್ರಜೆಗಳಿಗೆ ತಮ್ಮದೇ ಊರಿನ ಕ್ಯಾಸಿನೊದಲ್ಲಿ ಜೂಜಾಡುವ ಅಧಿಕಾರವಿಲ್ಲ. 1869ರಿಂದ ಅವರಿಗೆ ಆದಾಯ ತೆರಿಗೆಯೂ ಇಲ್ಲ. ನಮ್ಮ ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ, ಪಣಜಿಯಲ್ಲಿ ಮಾಂಡೋವಿಯಾಗುವ ನದಿಯ ಮೇಲೂ ಕ್ಯಾಸಿನೊ ಹಡಗುಗಳು ತೇಲುತ್ತಿವೆ. ಆ ನದಿಯ ನೀರಿಗಾಗಿ ಮೂರು ರಾಜ್ಯಗಳ ನಡುವೆ ವ್ಯಾಜ್ಯವುಂಟು. ದುಡ್ಡು ಹರಿದುಹೋಗುವುದಕ್ಕೆ ಯಾರ ತಕರಾರೂ ಇಲ್ಲ. ಗೋವಾ ಸರ್ಕಾರ 2020ರಲ್ಲಿ ಗೋವನ್ನರು ಕ್ಯಾಸಿನೊಗಳಲ್ಲಿ ಜೂಜಾಡುವುದನ್ನು ನಿಷೇಧಿಸಿತು. ಆ ನಿಷೇಧ ಕನ್ನಡಿಗರಿಗೆ ಅನ್ವಯಿಸುವುದಿಲ್ಲ.