ಅಡ್ಡಗೆರೆಯೊಂದಿಗೆ ಅಡ್ಡ ಮಾತು

ಕೊಟ್ಟೂರಿನ ಡಿಟಿಪಿ ಅಂಗಡಿಯೊಂದರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ವೆಬ್ ಪುಟ ತಯಾರಾಗುತ್ತಿತ್ತು. ಹಡಗಲಿಗೂ ಹರಪನಹಳ್ಳಿಗೂ ನಡುವೆ ಉದ್ದಕ್ಕೆ ಮಲಗಿದ್ದ ಅಡ್ಡಗೆರೆ ಮಾತಿಗೆ ಸಿಕ್ಕಿತು.

ಪ್ರ: ಗೆರೆಯವರೇ, ತಮ್ಮ ಪರಿಚಯ?

ಗೆರೆ: ಎಚ್‌ಟಿಎಂಎಲ್‌ನಾಗ ನನ್ನ ಹೆಸರು ಎಚ್‌ಆರ್. ಎರಡಕ್ಷರ ಬರದು ಕೋನದ ಆವರಣ ಹಾಕ್ರಿ, ಈ ಅಂಚಿಂದ ಆ ಅಂಚಿಗೆ ಚಾಚ್ಕೊಂತೀನಿ. ಉಳಿದ ಟ್ಯಾಗುಗಳಂಗ ನನಗ ಮುಗಿಸೋ ಟ್ಯಾಗ್ ಇಲ್ಲ. ಒಳಗ ಏನೂ ಇಲ್ಲದವರಿಗೆ ಮುಚ್ಚಳ ಯಾಕ್ರಿ?

ಪ್ರ: ಮಾರ್ಕ್‌ಡೌನ್‌ನಲ್ಲಿ?

ಗೆರೆ: ಮೂರು ಅಡ್ಡಗೀಟು ಹಾಕಿದ್ರ ಒಂದಾಗಿ ಬರ್ತೀನಿ. ಕೊಟ್ಟೂರೇಶ್ವರನ ಊರಾಗ ಮೂರು ಗೆರಿ ಎಳಿಯೋದನ್ನ ಯಾರಿಗೂ ಕಲಸಬೇಕಿಲ್ಲ, ಹಣೀಮ್ಯಾಲೇ ಅದಾವು. ಆದ್ರ ಮ್ಯಾಲೊಂದು ಖಾಲಿ ಸಾಲು ಬಿಡ್ರಿ. ಬಿಡದಿದ್ರ ನಾನು ಬರಂಗಿಲ್ಲ, ಮ್ಯಾಲಿನ ಸಾಲೇ ಉಬ್ಬಿ ತಲೆಬರಹ ಆಗ್ತೈತಿ. ಈ ಅಂಗಡಿ ಹುಡುಗ ಒಂದು ಸಮಾರಂಭದ ಪುಟದಾಗ ಹಂಗೇ ಮಾಡಿ, ‘ಊಟದ ವ್ಯವಸ್ಥೆ ಇರುವುದಿಲ್ಲ’ ಅನ್ನೋದು ಸಮಾರಂಭದ ಹೆಸರಿಗಿಂತ ದೊಡ್ಡದಾಗಿ ಕುಂತಿತ್ತು.

ಪ್ರ: ನೀವು ಬರೀ ಅಲಂಕಾರವೇ?

ಗೆರೆ: ಒಂದು ಕಾಲದಾಗ ಹಂಗೇ ಇತ್ತು. ದಪ್ಪ, ಅಗಲ ಎಲ್ಲಾ ನನ್ನ ಟ್ಯಾಗಿನಾಗೇ ಬರೀತಿದ್ರು. ಈಗ ಆ ಸಿಂಗಾರ ಸಿಎಸ್‌ಎಸ್ ಪಾಲಾಗೈತಿ. ಎಚ್‌ಟಿಎಂಎಲ್ 5 ನನಗೊಂದು ಅರ್ಥ ಕೊಡ್ತು: ಇಲ್ಲಿಗೆ ವಿಷಯ ಬದಲಾತು ಅಂತ.

ಪ್ರ: ಹಡಗಲಿ ಮುಗಿದು ಹರಪನಹಳ್ಳಿ ಬಂದರೆ ವಿಷಯ ಬದಲಾಯಿತೇ?

ಗೆರೆ: ಅದನ್ನ ನನ್ನ ಕೇಳಬ್ಯಾಡ್ರಿ, ನಮ್ಮ ಸರ್ಕಾರಿ ಅಣ್ಣನ್ನ ಕೇಳ್ರಿ, ಜಿಲ್ಲೆ ಗೆರೀನ. 1953ರಾಗ ಬಳ್ಳಾರಿ ಜಿಲ್ಲೆ ಸೀಳಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಕೊಟ್ಟ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದ್ವು. 1997ರಾಗ ಹರಪನಹಳ್ಳಿ ದಾವಣಗೆರೆಗೆ, 2018ರಾಗ ವಾಪಸ್ ಬಳ್ಳಾರಿಗೆ, 2021ರಾಗ ವಿಜಯನಗರಕ್ಕ. ಊರು ಕದಲಲಿಲ್ಲ, ಅಣ್ಣನೇ ಓಡಾಡಿದ.

ಪ್ರ: ಅದರಿಂದ ಯಾರಿಗೇನು ನಷ್ಟ?

ಗೆರೆ: ಹಿಂಗ ಕೇಳೋರು ಬೆಂಗಳೂರಿಂದ ಬಂದಿರ್ತಾರ! ಹರಪನಹಳ್ಳಿ ದಾವಣಗೆರೆ ಕಡೆ ಇದ್ದಾಗಲೇ ಬಳ್ಳಾರಿ ಜಿಲ್ಲೆಗೆ ಸಂವಿಧಾನದ 371ಜೆ ವಿಧಿ ಬಂತು. ಹಡಗಲಿ ಹುಡುಗರಿಗೆ ಸೀಟು, ನೌಕರಿಯಾಗ ಮೀಸಲಾತಿ ಸಿಕ್ತು, ಗೆರಿ ಆಚೆಗಿನವರಿಗೆ ತಪ್ಪಿತು. ನನ್ನ ಅಳಸಾಕ ಒಂದು ಕೀಲಿ ಸಾಕು. ಅಣ್ಣನ್ನ ಅಳಸಾಕ ಹೋರಾಟನೇ ಮಾಡಬೇಕಾತು.

ಪ್ರ: ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು. ಈಗ ನಡುವೆ ನಿಮ್ಮನ್ನು ಹಾಕಲೇ?

ಗೆರೆ: ಧಾರಾಳವಾಗಿ ಹಾಕ್ರಿ. ಖಾಲಿ ಸಾಲು ಮಾತ್ರ ಮರೀಬ್ಯಾಡ್ರಿ. ಇಲ್ಲಾಂದ್ರ ಕೂಡ್ಲಿಗಿ ತಲೆಬರಹ ಆಗ್ತೈತಿ, ಕೊಟ್ಟೂರಿನವರು ಅಂಗಡಿ ಮುಂದ ಧರಣಿ ಕುಂದ್ರತಾರ.