ಬ್ಯಾಟರಿಯ ಉಪವಾಸ

ಆಯುಧಪೂಜೆಯ ದಿನ ಬೈಕಿಗೆ ಸಲ್ಲುವ ಮರ್ಯಾದೆಯನ್ನು ಒಮ್ಮೆ ಗಮನಿಸಿ. ಚಕ್ರದಡಿಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಟ್ಯಾಂಕಿಗೆ ಅರಿಸಿನ ಕುಂಕುಮ, ಹೆಡ್‌ಲೈಟಿನ ಹಣೆಗೆ ಮೂರೆಳೆ ವಿಭೂತಿ. ಸೀಟಿನಡಿ ಅಡಗಿ ಕೂತ ಬ್ಯಾಟರಿಗೆ ಮಾತ್ರ ಒಂದು ಅಕ್ಷತೆ ಕಾಳಿನ ಯೋಗವೂ ಇಲ್ಲ. ಅದರ ನೆನಪಾಗುವುದು ಆಫೀಸಿಗೆ ತಡವಾದ ಬೆಳಿಗ್ಗೆಯೇ. ಸೆಲ್ಫ್ ಒತ್ತಿದರೆ ರಿಲೇ ‘ಟಕ್ ಟಕ್’ ಎಂದು ಬಡಿದುಕೊಳ್ಳುತ್ತದೆ, ಇಂಜಿನ್ ಮಿಸುಕುವುದಿಲ್ಲ. ಆಗ ಮಾಲೀಕರ ಬಾಯಿಂದ ಬೀಳುವ ಮಾತು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ: “ನಿನ್ನೆವರೆಗೂ ಚೆನ್ನಾಗೇ ಇತ್ತಲ್ರೀ!” ಇರಲಿಲ್ಲ ಎಂಬುದೇ ನನ್ನ ತಕರಾರು. ಅದು ತಿಂಗಳುಗಟ್ಟಲೆ ನರಳಿರುತ್ತದೆ; ಕೇಳಿಸಿಕೊಂಡವರಿಲ್ಲ, ಅಷ್ಟೆ. ಬೈಕಿನ ಬ್ಯಾಟರಿಗಳಲ್ಲಿ ದುಡಿದು ಸತ್ತವು ಕಡಿಮೆ, ಹಸಿದು ಸತ್ತವು ಹೆಚ್ಚು.

ಹಸಿವು ಎಂದದ್ದಕ್ಕೆ ಕಾರಣವಿದೆ. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ ರೂಪಿಸಿದ ಸೀಸ ಮತ್ತು ಗಂಧಕಾಮ್ಲದ ಜೋಡಿಯೇ ಇವತ್ತಿಗೂ ನಮ್ಮ ಬಹುಪಾಲು ಬೈಕುಗಳ ಸೀಟಿನಡಿ ಸಂಸಾರ ಮಾಡುತ್ತಿದೆ. 12 ವೋಲ್ಟ್ ಎಂದು ಹೆಸರು ಬರೆದುಕೊಂಡಿದ್ದರೂ ಅದರೊಳಗೆ ಸುಮಾರು 2.1 ವೋಲ್ಟಿನ ಆರು ಕೋಶಗಳು ಸಾಲಾಗಿ ಕೂತಿರುತ್ತವೆ. ಆದ್ದರಿಂದ ಹೊಟ್ಟೆ ತುಂಬಿದ ಬ್ಯಾಟರಿ 12.6 ಅಥವಾ ತುಸು ಹೆಚ್ಚೇ ತೋರಿಸುತ್ತದೆ. ಬರೀ 12 ತೋರಿಸಿದರೆ ‘ಸರಿಯಾಗೇ ಇದೆ’ ಎಂದು ಖುಷಿಪಡುವವರಿದ್ದಾರೆ. ಅದು ಹೆಚ್ಚುಕಡಿಮೆ ಬರಿದಾದ ಹೊಟ್ಟೆ. ವಿದ್ಯುತ್ ಕೊಟ್ಟಾಗಲೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಆದಾಗ ಕರಗಿ ಹೋಗುತ್ತದೆ. ಬರಿಹೊಟ್ಟೆಯಲ್ಲೇ ವಾರಗಟ್ಟಲೆ ಬಿಟ್ಟರೆ ಅದು ಗಟ್ಟಿ ಹರಳಾಗಿ ಅಲ್ಲೇ ಠಿಕಾಣಿ ಹೂಡುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಪೂರ್ತಿ ಏಳುವುದಿಲ್ಲ. ಫಲಕದ ಅಷ್ಟು ಜಾಗ ಕೆಲಸಕ್ಕಿಲ್ಲದಂತಾಗಿ ಬ್ಯಾಟರಿಯ ತಾಕತ್ತು ಆ ಮಟ್ಟಿಗೆ ಕುಗ್ಗುತ್ತದೆ.

“ನಾನು ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡ್ತೀನಲ್ಲ” ಎನ್ನುವವರಿದ್ದಾರೆ. ಅವರ ಶ್ರದ್ಧೆಗೆ ನಮಸ್ಕಾರ; ಬ್ಯಾಟರಿಗೆ ಮಾತ್ರ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಐಡ್ಲಿಂಗಿನಲ್ಲಿ ಹುಟ್ಟುವ ವಿದ್ಯುತ್ತೇ ಕಡಿಮೆ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಹಾಡುಹಗಲೂ ಹೆಡ್‌ಲೈಟ್ ಉರಿಯಲೇಬೇಕೆಂಬ ನಿಯಮವಿರುವುದರಿಂದ ಹುಟ್ಟಿದ್ದರಲ್ಲಿ ದೊಡ್ಡ ಪಾಲನ್ನು ಅದೇ ನುಂಗುತ್ತದೆ. ಮೇಲಾಗಿ ಸೀಸದ ಬ್ಯಾಟರಿ ಗಬಗಬ ತಿನ್ನುವ ಜಾತಿಯಲ್ಲ. ಕೊನೆಯ ಪಾಲು ತುಂಬಲು ಗಂಟೆಗಳೇ ಬೇಕು. ಮನೆಯಿಂದ ಗಾಂಧಿ ಬಜಾರು, ಅಲ್ಲಿಂದ ಹಾಲಿನ ಬೂತು, ನಡುವೆ ನಾಲ್ಕು ಸಲ ಸೆಲ್ಫ್, ನಲವತ್ತು ಸಲ ಹಾರ್ನ್: ಈ ದಿನಚರಿಯಲ್ಲಿ ಬ್ಯಾಟರಿಗೆ ದಕ್ಕುವುದು ಎಂಜಲು ಮಾತ್ರ. ಗಾಡಿ ಸುಮ್ಮನೆ ನಿಂತಿದ್ದರೂ ಗಡಿಯಾರ, ಅಲಾರಂಗಳು ಹನಿಹನಿಯಾಗಿ ಹೀರುತ್ತಲೇ ಇರುತ್ತವೆ.

“ಮೇಂಟೆನೆನ್ಸ್ ಫ್ರೀ ಅಂತ ಬರೆದಿದೆಯಲ್ಲ” ಎಂಬುದು ಇನ್ನೊಂದು ವಾದ. ಆ ಬರಹದ ಅರ್ಥ, ನೀರು ಹಾಕಬೇಕಿಲ್ಲ ಎಂದಷ್ಟೆ; ಊಟ ಹಾಕಬೇಕಿಲ್ಲ ಎಂದಲ್ಲ. (ನೀರು ಬೇಡುವ ಹಳೆಯ ಬಗೆಯವಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ, ಕಾವೇರಿ ಎಷ್ಟೇ ಪವಿತ್ರಳಾದರೂ ನಲ್ಲಿ ನೀರಿನ ಲವಣ ಫಲಕಕ್ಕೆ ಒಗ್ಗದು.) ಚಳಿಯ ಮೇಲೆ ದೂರು ಹೊರಿಸುವವರೂ ಉಂಟು. ಚಳಿಗೆ ಬ್ಯಾಟರಿ ಮಂಕಾಗುವುದು ನಿಜವೇ. ಆದರೆ ಅದರ ಆಯುಸ್ಸನ್ನು ನಿಜಕ್ಕೂ ಕೊರೆಯುವುದು ರಾಯಚೂರಿನಂಥ ಬಿಸಿಲು. ಡಿಸೆಂಬರ್ ಬೆಳಗು ಗುಟ್ಟು ರಟ್ಟು ಮಾಡುತ್ತದೆ, ಅಷ್ಟೆ. “ಕಿಕ್ ಹೊಡೆದರಾಯ್ತು” ಎನ್ನುವವರು ಮೈಸೂರಿನ ಯೆಜ್ಡಿಯ ಕಾಲದವರಿರಬೇಕು. ಆ ಗಾಡಿಯಲ್ಲಿ ಕಿಕ್ಕೂ ಗೇರೂ ಒಂದೇ ಕಡ್ಡಿ. 2020ರ ಬಿಎಸ್ 6 ನಿಯಮದ ನಂತರ ಹೆಚ್ಚಿನ ಬೈಕುಗಳಿಗೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಹಲವು ಮಾಡೆಲ್‌ಗಳಲ್ಲಿ ಕಿಕ್ಕೇ ಇಲ್ಲ, ಬ್ಯಾಟರಿ ಪೂರ್ತಿ ಡೌನ್ ಆದರೆ ಪೆಟ್ರೋಲ್ ಪಂಪೂ ಓಡದು. ಅಂಥ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿದರೆ ಸಿಗುವುದು ವ್ಯಾಯಾಮ ಮಾತ್ರ.

ಪರಿಹಾರ ಬೇಸರ ಹುಟ್ಟಿಸುವಷ್ಟು ಸರಳ. ವಾರಕ್ಕೊಮ್ಮೆ ಒಂದರ್ಧ ಗಂಟೆಯಾದರೂ ನೈಸ್ ರಸ್ತೆಯಲ್ಲದಿದ್ದರೂ ಒಂದು ಬಿಡುವಿನ ರಸ್ತೆಯಲ್ಲಿ ಓಡಿಸಿ. ತಿಂಗಳಾನುಗಟ್ಟಲೆ ಊರಿಗೆ ಹೋಗುವುದಿದ್ದರೆ ಮೈನಸ್ ತಂತಿ ಬಿಚ್ಚಿಡಿ. ಒಂದು ಅಗ್ಗದ ಮಲ್ಟಿಮೀಟರ್ ಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4ಕ್ಕಿಂತ ಕಡಿಮೆ ಕಂಡರೆ ತಡಮಾಡದೆ ಚಾರ್ಜಿಗೆ ಹಾಕಿಸಿ. ಟರ್ಮಿನಲ್ಲಿಗೆ ಹಸಿರು ಬಿಳಿ ಬೂಷ್ಟು ಹಿಡಿದಿದ್ದರೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒರೆಸಿ, ಒಣಗಿಸಿ, ತೆಳುವಾಗಿ ವ್ಯಾಸಲೀನ್ ಸವರಿ. ಸ್ಪ್ಯಾನರ್ ಹಿಡಿದಾಗ ಇದೊಂದು ನೆನಪಿರಲಿ: ಬಿಚ್ಚುವಾಗ ಮೊದಲು ಮೈನಸ್, ಕೂರಿಸುವಾಗ ಅದೇ ಕೊನೆಗೆ. ಹಾಗಲ್ಲದೆ ಪ್ಲಸ್ಸಿಗೆ ಮೊದಲು ಕೈಹಾಕಿ, ಸ್ಪ್ಯಾನರ್ ಚಾಸಿಗೆ ತಗುಲಿತೆಂದರೆ ಕಿಡಿ ಹಾರುತ್ತದೆ.